ಟ್ಯಾಲಿಗೆ ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಕೇಳಿದರೆ ಲೆಕ್ಕ ಏಕೆ ತಾಳೆಯಾಗುವುದಿಲ್ಲ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಔಷಧಿಗಳ ಹೋಲ್‌ಸೇಲ್ ವ್ಯಾಪಾರ. ಲೆಕ್ಕವೆಲ್ಲ ಟ್ಯಾಲಿಪ್ರೈಮ್‌ನಲ್ಲಿದೆ. ಯಾವ ಅಂಗಡಿಯಿಂದ ಎಷ್ಟು ಬಾಕಿ, ಎಷ್ಟು ದಿನದ ಬಾಕಿ ಅಂತ ಪ್ರತಿ ಸೋಮವಾರ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ವಸೂಲಿಗೆ ಹೋಗುವ ಹುಡುಗರಿಗೆ ಕೊಡುತ್ತೇನೆ. ಅದಕ್ಕೇ ಅರ್ಧ ದಿನ ಹೋಗುತ್ತದೆ. ತಂಗಿಯ ಮಗ ಟ್ಯಾಲಿಯ ಡೇಟಾ ನೇರವಾಗಿ ತರುವ ಓಡಿಬಿಸಿಯನ್ನು ಎಕ್ಸೆಲ್‌ಗೆ ಜೋಡಿಸಿಕೊಟ್ಟ. ಲೆಡ್ಜರ್ ಹೆಸರು, ಬಾಕಿ ಬಂತು. ಆದರೆ ಬಾಕಿಯೆಲ್ಲ ಮೈನಸ್‌ನಲ್ಲಿದೆ. ಒಟ್ಟು ಮೊತ್ತ ಟ್ಯಾಲಿಗೆ ತಾಳೆಯಾಗುತ್ತಿಲ್ಲ. ಬಿಲ್‌ಗಳ ವಿವರ ಯಾವ ಟೇಬಲ್‌ನಲ್ಲೂ ಕಾಣುತ್ತಿಲ್ಲ. ಇದು ಎಸ್‌ಕ್ಯೂಎಲ್‌ನಿಂದ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಿಂದ) ಆಗುವ ಕೆಲಸವೇ? ಡೇಟಾ ಕೆಡುವ ಭಯ ಇದೆಯೇ?

ಉತ್ತರ: ನಮಸ್ಕಾರ. ಆಗುವ ಕೆಲಸವೇ. ನಿಮ್ಮ ಸೋಮವಾರದ ಅರ್ಧ ದಿನ ಖಂಡಿತ ಉಳಿಯುತ್ತದೆ. ಆದರೆ ನಿಮ್ಮ ತಂಗಿಯ ಮಗ ಕಾಲೇಜಿನಲ್ಲಿ ಕಲಿತ ಡೇಟಾಬೇಸ್‌ಗೂ ಟ್ಯಾಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನೀವು ಬರೆದ ಮೂರೂ ತೊಂದರೆಗಳ ಬೇರು ಅದೇ.

ಟ್ಯಾಲಿಯ ಒಳಗೆ ಸಾಲು ಮತ್ತು ಕಾಲಮ್‌ಗಳ ಟೇಬಲ್ ಇಲ್ಲ. ಟ್ಯಾಲಿ ತಯಾರಿಸುವ ಬೆಂಗಳೂರಿನ ಕಂಪನಿ ಮೊದಲಿನಿಂದಲೂ ಡೇಟಾವನ್ನು ತನ್ನದೇ ಸ್ವರೂಪದ ಫೈಲುಗಳಲ್ಲಿ ಇಡುತ್ತಾ ಬಂದಿದೆ. ಆ ಫೈಲುಗಳನ್ನು ಬೇರೆ ಯಾವ ಡೇಟಾಬೇಸ್ ಸಾಫ್ಟ್‌ವೇರ್‌ನಿಂದಲೂ ನೇರವಾಗಿ ತೆರೆಯಲು ಬರುವುದಿಲ್ಲ. ಒಳಗಿರುವುದು ವಸ್ತುಗಳು: ಲೆಡ್ಜರ್ (ಒಂದೊಂದು ಖಾತೆ), ಗ್ರೂಪ್, ಸ್ಟಾಕ್ ಐಟಂ, ವೋಚರ್ (ಒಂದೊಂದು ವ್ಯವಹಾರದ ನಮೂದು). ಒಂದು ವೋಚರ್‌ನ ಒಳಗೆ ಹಲವು ಲೆಡ್ಜರ್ ಸಾಲುಗಳು. ಒಂದೊಂದು ಲೆಡ್ಜರ್ ಸಾಲಿನ ಒಳಗೆ ಬಿಲ್‌ಗಳ ಹಂಚಿಕೆ. ಇನ್ನೊಂದು ಕಡೆ ಐಟಂ ಸಾಲುಗಳು, ಅವುಗಳ ಒಳಗೆ ಬ್ಯಾಚ್ ಮತ್ತು ಎಕ್ಸ್‌ಪೈರಿ. ಹೀಗೆ ಒಂದರೊಳಗೊಂದು ಕೂತಿರುವ ರಚನೆ ಅದು.

ಓಡಿಬಿಸಿ ಎನ್ನುವುದು 1992ರಲ್ಲಿ ಮೈಕ್ರೋಸಾಫ್ಟ್ ತಂದ ವ್ಯವಸ್ಥೆ. ಡೇಟಾ ಎಲ್ಲೇ ಇರಲಿ, ಹೇಗೇ ಇರಲಿ, ಕೇಳುವವರಿಗೆ ಅದು ಟೇಬಲ್‌ನಂತೆ ಕಾಣಬೇಕು ಎನ್ನುವುದು ಅದರ ಉದ್ದೇಶ. ನೀವು ಎಕ್ಸೆಲ್‌ನಿಂದ ಲೆಡ್ಜರ್ ಟೇಬಲ್ ಕೇಳಿದಾಗ ಡಿಸ್ಕ್‌ನಲ್ಲಿರುವ ಯಾವುದೋ ಟೇಬಲ್ ಓದಿದಂತಲ್ಲ. ನಿಮ್ಮ ಮುಂದೆ ತೆರೆದುಕೊಂಡಿರುವ ಟ್ಯಾಲಿಯೇ ಆ ಕ್ಷಣದಲ್ಲಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಅಂಗಡಿಯ ಗುಮಾಸ್ತರನ್ನು ಕರೆದು ‘ಈಗ ಬಾಕಿ ಎಷ್ಟಿದೆ ನೋಡಿ ಹೇಳಿ’ ಎಂದು ಕೇಳಿದ ಹಾಗೆ. ಅವರ ಮುಂದೆ ಯಾವ ಪುಸ್ತಕ ತೆರೆದಿದೆಯೋ, ಯಾವ ತಾರೀಖಿನವರೆಗೆ ನೋಡುತ್ತಿದ್ದಾರೋ, ಅದಕ್ಕೆ ತಕ್ಕ ಉತ್ತರ ಬರುತ್ತದೆ.

ಮೊತ್ತ ತಾಳೆಯಾಗದಿರಲು ಮೊದಲನೆಯ ಕಾರಣ ಇಲ್ಲೇ ಇದೆ. ಓಡಿಬಿಸಿಯಲ್ಲಿ ಬರುವ ಕ್ಲೋಸಿಂಗ್ ಬ್ಯಾಲೆನ್ಸ್, ಟ್ಯಾಲಿಯಲ್ಲಿ ಆಗ ಇರುವ ಕಂಪನಿಗೆ ಮತ್ತು ಪೀರಿಯಡ್‌ಗೆ ಸೇರಿದ್ದು. ಯಾರೋ ಹಳೆಯ ವರದಿ ನೋಡಲು ಪೀರಿಯಡ್ ಅನ್ನು ಹೋದ ವರ್ಷಕ್ಕೆ ಬದಲಿಸಿ ಹಾಗೇ ಬಿಟ್ಟಿದ್ದರೆ, ನಿಮ್ಮ ಎಕ್ಸೆಲ್‌ಗೆ ಬರುವುದು ಹೋದ ವರ್ಷದ ಬಾಕಿ. ತಪ್ಪಾಗಿದೆ ಎಂದು ಯಾವ ಸೂಚನೆಯೂ ಬರುವುದಿಲ್ಲ. ಎರಡು ಕಂಪನಿ ತೆರೆದಿದ್ದರೂ ಇದೇ ಗೊಂದಲ. ರಿಫ್ರೆಶ್ ಒತ್ತುವ ಮೊದಲು ಟ್ಯಾಲಿಗೆ ಹೋಗಿ ಕಂಪನಿ ಯಾವುದು, ಪೀರಿಯಡ್ ಯಾವುದು ಎಂದು ಕಣ್ಣಾರೆ ನೋಡಿ. ಟ್ಯಾಲಿ ಮುಚ್ಚಿದ್ದರೆ ಅಥವಾ ಕಂಪನಿ ತೆರೆದಿರದಿದ್ದರೆ ಡೇಟಾ ಬರುವುದೇ ಇಲ್ಲ.

ಈಗ ಮೈನಸ್ ವಿಷಯ. ಟ್ಯಾಲಿ ಒಳಗಡೆ ಡೆಬಿಟ್ ಅನ್ನು ಮೈನಸ್ ಆಗಿ, ಕ್ರೆಡಿಟ್ ಅನ್ನು ಪ್ಲಸ್ ಆಗಿ ಇಡುತ್ತದೆ. ತೆರೆಯ ಮೇಲೆ ಡೆಬಿಟ್, ಕ್ರೆಡಿಟ್ ಎಂದು ತೋರಿಸುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ. ಡೇಟಾ ಹೊರಗೆ ಬಂದಾಗ ಚಿಹ್ನೆ ಕಾಣುತ್ತದೆ. ಹೀಗಾಗಿ ನಿಮಗೆ 25,000 ರೂಪಾಯಿ ಕೊಡಬೇಕಾದ ಅಂಗಡಿಯ ಬಾಕಿ ಮೈನಸ್ 25,000 ಎಂದು ಬರುತ್ತದೆ. ಇದು ದೋಷವಲ್ಲ.

ಇಲ್ಲಿ ಬಹಳ ಜನ ಒಂದು ಸುಲಭದ ದಾರಿ ಹಿಡಿಯುತ್ತಾರೆ. ಎಕ್ಸೆಲ್‌ನ ಎಬಿಎಸ್ ಸೂತ್ರ ಹಾಕಿ ಮೈನಸ್ ಅನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ನೊಂದು ಅಂಗಡಿಯವರು ನಿಮಗೆ 3,000 ರೂಪಾಯಿ ಮುಂಗಡ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಅವರದು ಪ್ಲಸ್ 3,000 ಎಂದು ಬರುತ್ತದೆ. ಎರಡನ್ನೂ ಸೇರಿಸಿದರೆ ನಿಮಗೆ ಬರಬೇಕಾದ ನಿಜವಾದ ಮೊತ್ತ 22,000. ಚಿಹ್ನೆ ಅಳಿಸಿದರೆ 28,000 ಆಗುತ್ತದೆ. ಜೊತೆಗೆ, ಮುಂಗಡ ಕೊಟ್ಟವರ ಬಾಗಿಲಿಗೇ ವಸೂಲಿಯ ಹುಡುಗ ಹೋಗಿ ನಿಲ್ಲುತ್ತಾನೆ. ಗಿರಾಕಿಯ ಮುಂದೆ ಅದಕ್ಕಿಂತ ಮುಜುಗರ ಬೇರೆ ಇಲ್ಲ ಅಲ್ವಾ? ಚಿಹ್ನೆ ಅಳಿಸುವ ಬದಲು ಇಡೀ ಕಾಲಮ್ ಅನ್ನು ಮೈನಸ್ ಒಂದರಿಂದ ಗುಣಿಸಿ. ಬಾಕಿ ಪ್ಲಸ್ ಆಗುತ್ತದೆ, ಮುಂಗಡ ಮೈನಸ್ ಆಗಿ ಎದ್ದು ಕಾಣುತ್ತದೆ.

ತಾಳೆಯಾಗದಿರಲು ಇನ್ನೊಂದು ಕಾರಣ ಗ್ರೂಪ್‌ಗಳು. ನೀವು ಪೇರೆಂಟ್ ಕಾಲಮ್‌ನಲ್ಲಿ ಸಂಡ್ರಿ ಡೆಟರ್ಸ್ (ಬಾಕಿ ಕೊಡಬೇಕಾದ ಗಿರಾಕಿಗಳ ಗ್ರೂಪ್) ಇರುವ ಲೆಡ್ಜರ್‌ಗಳನ್ನು ಮಾತ್ರ ಕೇಳಿರುತ್ತೀರಿ. ಆ ಕಾಲಮ್ ತೋರಿಸುವುದು ಲೆಡ್ಜರ್‌ಗೆ ನೇರವಾಗಿ ಮೇಲಿರುವ ಗ್ರೂಪ್ ಮಾತ್ರ. ಹೋಲ್‌ಸೇಲ್ ವ್ಯಾಪಾರದಲ್ಲಿ ಸಾಮಾನ್ಯವಾಗಿ ಸಂಡ್ರಿ ಡೆಟರ್ಸ್ ಕೆಳಗೆ ಹರಿಹರ ಲೈನ್, ಚನ್ನಗಿರಿ ಲೈನ್, ಜಗಳೂರು ಲೈನ್ ಎಂದು ಊರಿನ ಹೆಸರಲ್ಲಿ ಗ್ರೂಪ್ ಮಾಡಿರುತ್ತಾರೆ. ಆ ಅಂಗಡಿಗಳ ಪೇರೆಂಟ್ ಹರಿಹರ ಲೈನ್ ಆಗಿರುತ್ತದೆ, ಸಂಡ್ರಿ ಡೆಟರ್ಸ್ ಅಲ್ಲ. ಅವೆಲ್ಲ ನಿಮ್ಮ ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ಟ್ಯಾಲಿಯಲ್ಲಿ ಹುಟ್ಟಿನಿಂದಲೇ 28 ಗ್ರೂಪ್‌ಗಳಿವೆ, ಅದರಲ್ಲಿ 15 ಮೂಲ ಗ್ರೂಪ್, 13 ಉಪಗ್ರೂಪ್. ಸಂಡ್ರಿ ಡೆಟರ್ಸ್ ಕೂಡ ಕರೆಂಟ್ ಅಸೆಟ್ಸ್ ಕೆಳಗಿನ ಒಂದು ಉಪಗ್ರೂಪ್. ಅದರ ಕೆಳಗೆ ನೀವು ಎಷ್ಟು ಹಂತ ಬೇಕಾದರೂ ಇಳಿಸಬಹುದು. ಇದಕ್ಕೆ ಪರಿಹಾರ, ಗ್ರೂಪ್ ಟೇಬಲ್ ಅನ್ನೂ ಎಕ್ಸೆಲ್‌ನ ಇನ್ನೊಂದು ಶೀಟ್‌ಗೆ ತರುವುದು. ಅದರಲ್ಲಿ ಗ್ರೂಪ್‌ನ ಹೆಸರು ಮತ್ತು ಅದರ ಪೇರೆಂಟ್ ಇರುತ್ತದೆ. ಎರಡು ಹಂತ ಮಾತ್ರ ಇದ್ದರೆ ಎಕ್ಸೆಲ್‌ನ ವಿಲುಕಪ್ ಸೂತ್ರ ಸಾಕು. ಹಂತಗಳು ಜಾಸ್ತಿ ಇದ್ದರೆ ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ತುಂಬಿಕೊಂಡು, ಮೇಲಕ್ಕೆ ಹತ್ತುತ್ತಾ ಹೋಗುವ ರಿಕರ್ಸಿವ್ ಕ್ವೆರಿ ಬರೆಯಬೇಕು. ನಿಮ್ಮ ತಂಗಿಯ ಮಗನಿಗೆ ಅದು ಗೊತ್ತಿರುತ್ತದೆ. ಎರಡು ಟೇಬಲ್‌ಗಳ ಜಾಯಿನ್ ಅನ್ನು ಟ್ಯಾಲಿಯಿಂದಲೇ ಮಾಡಿಸಲು ಮಾತ್ರ ಹೋಗಬೇಡಿ. ಟ್ಯಾಲಿಯ ಓಡಿಬಿಸಿ ಇರುವುದು ಒಂದು ಟೇಬಲ್‌ನಿಂದ ಬೇಕಾದ ಕಾಲಮ್‌ಗಳನ್ನು ಆರಿಸಿ ಓದುವುದಕ್ಕೆ. ಜೋಡಿಸುವುದು, ಗುಂಪು ಮಾಡಿ ಕೂಡುವುದು ನಿಮ್ಮ ಕಡೆಯ ಕೆಲಸ.

ಸೆಟ್ಟಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಈಗಾಗಲೇ ಓಡುತ್ತಿದೆ. ಎಫ್1 ಒತ್ತಿ ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋದರೆ ಓಡಿಬಿಸಿ ಚಾಲೂ ಮಾಡುವ ಆಯ್ಕೆ ಮತ್ತು ಪೋರ್ಟ್ ನಂಬರ್ (ಬೇರೆ ಪ್ರೋಗ್ರಾಂಗಳು ಟ್ಯಾಲಿಯನ್ನು ತಲುಪುವ ಬಾಗಿಲಿನ ಸಂಖ್ಯೆ) ಇರುತ್ತದೆ. ಪೋರ್ಟ್ ಸಾಮಾನ್ಯವಾಗಿ 9000. ಮುಂದೆ ಕಂಪ್ಯೂಟರ್ ಬದಲಿಸಿದಾಗ ಎಕ್ಸೆಲ್‌ಗೆ ಟ್ಯಾಲಿ ಕಾಣದಿದ್ದರೆ ಮೊದಲು ಬಿಟ್ ನೋಡಿ. ಎಕ್ಸೆಲ್ 32 ಬಿಟ್ ಆಗಿದ್ದರೆ 32 ಬಿಟ್ ಡ್ರೈವರ್ ಬೇಕು, 64 ಆಗಿದ್ದರೆ 64. ವಿಂಡೋಸ್ ಎಷ್ಟು ಬಿಟ್ ಎನ್ನುವುದು ಇಲ್ಲಿ ಮುಖ್ಯವಲ್ಲ. ಇನ್ನೊಂದು ಗೊಂದಲ ಏನೆಂದರೆ, 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಫೋಲ್ಡರ್‌ನಲ್ಲಿರುವುದು 64 ಬಿಟ್ ಓಡಿಬಿಸಿ ಅಡ್ಮಿನಿಸ್ಟ್ರೇಟರ್. 32 ಬಿಟ್‌ನದು ಸಿಸ್‌ವಾವ್64 ಫೋಲ್ಡರ್‌ನಲ್ಲಿದೆ. ಹೆಸರು ನೋಡಿ ತೆರೆದವರು ತಪ್ಪು ಕಡೆಯೇ ಹುಡುಕುತ್ತಾ ಕೂರುತ್ತಾರೆ.

ಇನ್ನು ನಿಮಗೆ ನಿಜವಾಗಿ ಬೇಕಾದದ್ದಕ್ಕೆ ಬರೋಣ, ಬಿಲ್‌ಗಳು. ಎಷ್ಟು ದಿನದ ಬಾಕಿ ಎಂದು ಹೇಳಬೇಕಾದರೆ ಲೆಡ್ಜರ್‌ನ ಒಟ್ಟು ಬಾಕಿ ಸಾಲದು, ಬಿಲ್‌ವಾರು ಬಾಕಿ ಬೇಕು. ತಾನಾಗಿ ಕಾಣುವ ಟೇಬಲ್‌ಗಳಲ್ಲಿ ಅದು ಇಲ್ಲದಿದ್ದರೆ, ನಾವೇ ಒಂದು ಟೇಬಲ್ ಹೊರಗೆ ತೋರಿಸಬಹುದು. ಟ್ಯಾಲಿಗೆ ಟಿಡಿಎಲ್ ಎಂಬ ತನ್ನದೇ ಭಾಷೆ ಇದೆ. ಅದರಲ್ಲಿ ಒಂದು ಕಲೆಕ್ಷನ್ ಬರೆದು, ಅದಕ್ಕೆ ‘ಈಸ್ ಓಡಿಬಿಸಿ ಟೇಬಲ್’ ಎಂಬ ಗುಣ ಹಚ್ಚಿ ‘ಯೆಸ್’ ಎಂದು ಕೊಟ್ಟರೆ, ಆ ಕಲೆಕ್ಷನ್ ಎಕ್ಸೆಲ್‌ನಲ್ಲಿ ಟೇಬಲ್ ಆಗಿ ಕಾಣಿಸಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ಬಿಲ್ಸ್ ಎಂಬ ಪ್ರಕಾರದ ಕಲೆಕ್ಷನ್. ಅದರಿಂದ ಬಿಲ್ ನಂಬರ್, ಪಾರ್ಟಿಯ ಹೆಸರು, ಬಿಲ್ ತಾರೀಖು, ಕ್ರೆಡಿಟ್ ಅವಧಿ, ಉಳಿದ ಬಾಕಿ ಇಷ್ಟನ್ನು ತೆಗೆದುಕೊಂಡರೆ ಸಾಕು. ಕೆಲವೇ ಸಾಲುಗಳ ಸಾದಾ ಟೆಕ್ಸ್ಟ್ ಫೈಲ್ ಅದು. ಎಫ್1 ಒಳಗಿನ ಟಿಡಿಎಲ್ ಆ್ಯಡ್-ಆನ್ ಪರದೆಯಲ್ಲಿ ಲೋಡ್ ಮಾಡಬೇಕು. ದೊಡ್ಡ ಸಾಫ್ಟ್‌ವೇರ್ ಏನನ್ನೂ ಕೊಳ್ಳುವುದು ಬೇಡ.

ಹೀಗೆ ಬಂದ ಬಿಲ್‌ಗಳನ್ನು ಕೂಡಿದಾಗ ಮತ್ತೆ ಲೆಡ್ಜರ್ ಬಾಕಿಗೆ ಹೊಂದುವುದಿಲ್ಲ. ಆಗ ಗಾಬರಿಯಾಗಬೇಡಿ. ಹಣ ಬಂದಾಗ ಯಾವ ಬಿಲ್‌ಗೆ ಎಂದು ಹೇಳದೆ ‘ಆನ್ ಅಕೌಂಟ್’ ಎಂದು ಹಾಕಿದ ರಸೀದಿಗಳು ಯಾವ ಬಿಲ್‌ಗೂ ಸೇರಿರುವುದಿಲ್ಲ. ಲೆಡ್ಜರ್ ಬಾಕಿಯಲ್ಲಿ ಅವು ಕಳೆದಿರುತ್ತವೆ, ಬಿಲ್ ಪಟ್ಟಿಯಲ್ಲಿ ಕಳೆದಿರುವುದಿಲ್ಲ. ಎರಡರ ನಡುವಿನ ವ್ಯತ್ಯಾಸವೇ ಆನ್ ಅಕೌಂಟ್ ಮೊತ್ತ. ನನ್ನ ಸಲಹೆ, ಆ ವ್ಯತ್ಯಾಸಕ್ಕೇ ಒಂದು ಕಾಲಮ್ ಇಡಿ. ಅದು ದೊಡ್ಡದಿರುವ ಅಂಗಡಿಗಳ ರಸೀದಿಗಳನ್ನು ಟ್ಯಾಲಿಯಲ್ಲಿ ತೆರೆದು, ಬಿಲ್‌ಗೆ ಎದುರಾಗಿ ಸರಿಪಡಿಸಿ. 90 ದಿನ ದಾಟಿದೆ ಎಂದು ನೀವು ಪಟ್ಟಿಯಲ್ಲಿ ಹಾಕಿದ ಬಿಲ್‌ಗೆ ಗಿರಾಕಿ ಎಂದೋ ದುಡ್ಡು ಕೊಟ್ಟಿರಬಹುದು. ಎಸ್‌ಕ್ಯೂಎಲ್ ಎಷ್ಟೇ ಚೆನ್ನಾಗಿದ್ದರೂ ರಸೀದಿ ಹಾಕುವವರು ಬಿಲ್ ನಂಬರ್ ಕೊಡದಿದ್ದರೆ ಎಷ್ಟು ದಿನದ ಬಾಕಿ ಎನ್ನುವ ಏಜಿಂಗ್ ಪಟ್ಟಿ ಸುಳ್ಳು ಹೇಳುತ್ತದೆ.

ಸೋಮವಾರದ ಕೆಲಸಕ್ಕೆ ಇಷ್ಟು ಸಾಕು. ಆದರೆ ಬಿಲ್‌ಗಳ ಪೂರ್ತಿ ವಿವರ ಎಂದರೆ ಯಾವ ಔಷಧಿ, ಯಾವ ಬ್ಯಾಚ್, ಯಾರಿಗೆ, ಎಷ್ಟು ಎನ್ನುವ ಮಟ್ಟಕ್ಕೆ ಹೋಗಬೇಕೆಂದಿದ್ದರೆ ಓಡಿಬಿಸಿಯ ಮೇಲೆ ಜಾಸ್ತಿ ಭಾರ ಹಾಕಬೇಡಿ. ಟಿಡಿಎಲ್‌ನಲ್ಲಿ ವಾಕ್ ಎಂಬ ಸೌಲಭ್ಯ ಬಳಸಿ ವೋಚರ್‌ನ ಒಳಗಿನ ಸಾಲುಗಳನ್ನು ಚಪ್ಪಟೆ ಟೇಬಲ್ ಮಾಡಬಹುದು, ನಿಜ. ಆದರೆ ವರ್ಷದ ವೋಚರ್‌ಗಳನ್ನು ಒಂದೇ ಸಲ ಕೇಳಿದರೆ ಉತ್ತರ ಕೊಡುವಷ್ಟು ಹೊತ್ತೂ ಆ ಟ್ಯಾಲಿ ಕೈಗೆ ಸಿಗುವುದಿಲ್ಲ. ಕೌಂಟರ್‌ನಲ್ಲಿ ಬಿಲ್ ಹಾಕುತ್ತಿರುವ ಕಂಪ್ಯೂಟರ್‌ನಲ್ಲೇ ಹೀಗಾದರೆ ವ್ಯಾಪಾರ ನಿಲ್ಲುತ್ತದೆ. ತಿಂಗಳು ತಿಂಗಳಾಗಿ ಕೇಳಿ, ಅಂಗಡಿ ಮುಚ್ಚಿದ ಮೇಲೆ ಕೇಳಿ. ಬೇರೆ ಕಂಪ್ಯೂಟರ್‌ನಲ್ಲಿ ಬ್ಯಾಕಪ್ ಹಾಕಿಕೊಂಡು ಅಲ್ಲಿ ಕೇಳುವುದು ಇನ್ನೂ ಒಳ್ಳೆಯದು.

ಈ ಮಟ್ಟದ ಕೆಲಸಕ್ಕೆ ನಾನು ಹೇಳುವ ದಾರಿ ಬೇರೆ. ಅದೇ 9000 ಪೋರ್ಟ್‌ನಲ್ಲಿ ಟ್ಯಾಲಿ ಎಕ್ಸ್‌ಎಂಎಲ್ (ಪ್ರತಿ ವಿವರಕ್ಕೂ ಗುರುತು ಹಚ್ಚಿ ಬರೆಯುವ ಟೆಕ್ಸ್ಟ್ ರೂಪ) ಕೋರಿಕೆಗಳಿಗೂ ಉತ್ತರ ಕೊಡುತ್ತದೆ. ಕೋರಿಕೆಯಲ್ಲೇ ಕಂಪನಿಯ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆದು ಕಳಿಸಬಹುದು. ಹಾಗಾಗಿ ತೆರೆಯ ಮೇಲೆ ಯಾರು ಏನು ಬದಲಿಸಿದ್ದಾರೆ ಎನ್ನುವ ಚಿಂತೆ ತಪ್ಪುತ್ತದೆ. ಹೀಗೆ ತಂದ ಡೇಟಾವನ್ನು ನಿಮ್ಮದೇ ಡೇಟಾಬೇಸ್‌ಗೆ ತುಂಬಿ, ಜಾಯಿನ್, ಗ್ರೂಪ್ ಬೈ ಎಲ್ಲವನ್ನೂ ಅಲ್ಲಿ ಮಾಡಿ. ಇದನ್ನು ಮಾಡಿಕೊಡುವ ‘ಟ್ಯಾಲಿ ಡೇಟಾಬೇಸ್ ಲೋಡರ್’ ಎಂಬ ಉಚಿತ ಓಪನ್ ಸೋರ್ಸ್ ಸಾಧನ ಇದೆ. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೂರಕ್ಕೂ ತುಂಬುತ್ತದೆ. ನಿಮ್ಮ ತಂಗಿಯ ಮಗ ಸೊನ್ನೆಯಿಂದ ಬರೆಯುವ ಮೊದಲು ಅದನ್ನು ಒಮ್ಮೆ ನೋಡಲಿ.

ಅವನು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲೇ ಬರೆಯುತ್ತೇನೆ. ಇವು ಡೇಟಾಬೇಸ್ ಪಾಠದಲ್ಲಿ ಬರುವುದಿಲ್ಲ.

ಐಟಂ ಹಾಕಿ ಮಾಡಿದ ಸೇಲ್ಸ್ ಬಿಲ್‌ನಲ್ಲಿ ಪಾರ್ಟಿ ಮತ್ತು ತೆರಿಗೆಯ ಸಾಲುಗಳು ಲೆಡ್ಜರ್ ಎಂಟ್ರಿಗಳಲ್ಲಿ ಇರುತ್ತವೆ. ಸೇಲ್ಸ್ ಖಾತೆಯ ಸಾಲು ಮಾತ್ರ ಐಟಂ ಸಾಲಿನ ಒಳಗಿನ ‘ಅಕೌಂಟಿಂಗ್ ಅಲೋಕೇಶನ್ಸ್’ನಲ್ಲಿ ಅಡಗಿರುತ್ತದೆ. ಲೆಡ್ಜರ್ ಎಂಟ್ರಿಗಳನ್ನು ಮಾತ್ರ ಓದಿದರೆ ಮಾರಾಟವೇ ಕಾಣೆಯಾಗುತ್ತದೆ. ಹೀಗಾಗಿದೆಯೇ ಎಂದು ಕಂಡುಹಿಡಿಯಲು ಆ ಮೈನಸ್ ಚಿಹ್ನೆಯೇ ನೆರವಾಗುತ್ತದೆ. ಜೋಡಿ ನಮೂದಿನ ಲೆಕ್ಕದಲ್ಲಿ ಡೆಬಿಟ್ ಕ್ರೆಡಿಟ್ ಸಮ ಇರಲೇಬೇಕು. ಆದ್ದರಿಂದ ಒಂದು ವೋಚರ್‌ನ ಎಲ್ಲ ಲೆಡ್ಜರ್ ಸಾಲುಗಳನ್ನು ಕೂಡಿದರೆ ಸೊನ್ನೆ ಬರಬೇಕು. ವೋಚರ್‌ವಾರು ಕೂಡಿ, ಸೊನ್ನೆ ಬಾರದವನ್ನು ಮಾತ್ರ ತೋರಿಸುವ ಕ್ವೆರಿಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಉತ್ತರದಲ್ಲಿ ಒಂದು ಸಾಲೂ ಬರಬಾರದು. ಬಂದರೆ ಮುಂದಿನ ವರದಿಗೆ ಕೈ ಹಾಕಬೇಡಿ.

ಎರಡನೆಯದು ಜಾಯಿನ್‌ನ ಬಲೆ. ಒಂದು ಬಿಲ್‌ನಲ್ಲಿ 4 ಔಷಧಿ ಇವೆ. ಲೆಡ್ಜರ್ ಸಾಲುಗಳು ಪಾರ್ಟಿ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು 3 ಇವೆ. ಎರಡೂ ಟೇಬಲ್‌ಗಳನ್ನು ವೋಚರ್ ನಂಬರಿನ ಮೇಲೆ ಸೇರಿಸಿದರೆ 12 ಸಾಲು ಹುಟ್ಟುತ್ತವೆ. ಪಾರ್ಟಿಯ 11,200 ರೂಪಾಯಿ 4 ಸಲ ಬಂದು 44,800 ಆಗುತ್ತದೆ. ಕ್ವೆರಿ ಎಲ್ಲೂ ತಪ್ಪು ತೋರಿಸುವುದಿಲ್ಲ, ಮೊತ್ತ ಮಾತ್ರ ಉಬ್ಬಿರುತ್ತದೆ. ಐಟಂ ಕಡೆಯ ಮೊತ್ತವನ್ನು ಬೇರೆ, ಲೆಡ್ಜರ್ ಕಡೆಯ ಮೊತ್ತವನ್ನು ಬೇರೆ ಕೂಡಿ, ವೋಚರ್‌ಗೆ ಒಂದೇ ಸಾಲು ಆದ ಮೇಲೆ ಸೇರಿಸಬೇಕು.

ಟೇಬಲ್‌ಗಳನ್ನು ಹೊಂದಿಸಲು ಹೆಸರು ಅಥವಾ ವೋಚರ್ ನಂಬರ್ ನೆಚ್ಚಬೇಡಿ. ಅಂಗಡಿಯ ಹೆಸರು ಬದಲಾಗುತ್ತದೆ, ಕಾಗುಣಿತ ತಿದ್ದುತ್ತಾರೆ, ವೋಚರ್ ನಂಬರ್ ಪ್ರತಿ ವರ್ಷ 1ರಿಂದ ಶುರುವಾಗಬಹುದು. ಟ್ಯಾಲಿ ಪ್ರತಿ ಲೆಡ್ಜರ್‌ಗೂ ಪ್ರತಿ ವೋಚರ್‌ಗೂ ಜಿಯುಐಡಿ ಎಂಬ ಬದಲಾಗದ ಗುರುತು ಕೊಟ್ಟಿರುತ್ತದೆ. ಅದೇ ಕೀಲಿ. ಆಲ್ಟರ್ ಐಡಿ ಎಂಬ ಇನ್ನೊಂದು ಸಂಖ್ಯೆ ಇದೆ. ತಿದ್ದಿದಾಗಲೆಲ್ಲ ಅದು ಹೆಚ್ಚುತ್ತದೆ. ಹೋದ ಸಲದ ದೊಡ್ಡ ಆಲ್ಟರ್ ಐಡಿ ನೆನಪಿಟ್ಟುಕೊಂಡರೆ ಈ ಸಲ ಅದಕ್ಕಿಂತ ಮೇಲಿನವನ್ನು ಮಾತ್ರ ತರಬಹುದು. ಆದರೆ ಅಳಿಸಿದ ವೋಚರ್‌ಗಳು ಈ ದಾರಿಯಲ್ಲಿ ಗೊತ್ತಾಗುವುದಿಲ್ಲ. ಆಗಾಗ ಎಲ್ಲ ಜಿಯುಐಡಿಗಳ ಪಟ್ಟಿ ತಂದು, ನಿಮ್ಮಲ್ಲಿದ್ದು ಅಲ್ಲಿಲ್ಲದವನ್ನು ತೆಗೆಯಬೇಕು.

ಕ್ಯಾನ್ಸಲ್ ಆದ ವೋಚರ್, ಆಪ್ಷನಲ್ ವೋಚರ್, ಮೆಮೊರಾಂಡಮ್, ಸೇಲ್ಸ್ ಆರ್ಡರ್ ಇವೆಲ್ಲ ವೋಚರ್ ಪಟ್ಟಿಯಲ್ಲಿ ಇರುತ್ತವೆ, ಲೆಕ್ಕಕ್ಕೆ ಸೇರಿರುವುದಿಲ್ಲ. ಇವನ್ನು ಸೋಸಿ ತೆಗೆಯಿರಿ. ತಾರೀಖು ಎಕ್ಸ್‌ಎಂಎಲ್‌ನಲ್ಲಿ 20250401 ಎಂದು ಒಟ್ಟಿಗೆ ಬರುತ್ತದೆ, ಪ್ರಮಾಣ ಯೂನಿಟ್ ಸಮೇತ ಅಕ್ಷರವಾಗಿ ಬರುತ್ತದೆ. ಎರಡನ್ನೂ ಬಿಡಿಸಿಕೊಳ್ಳಬೇಕು. ಹಣದ ಕಾಲಮ್ ಡೆಸಿಮಲ್ ಆಗಿರಲಿ, ಫ್ಲೋಟ್ ಬೇಡ. ಫ್ಲೋಟ್‌ನಲ್ಲಿ ಪೈಸೆ ಜಾರುತ್ತದೆ, ಆಮೇಲೆ ಸೊನ್ನೆಯ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಟ್ಯಾಲಿಯ ಟ್ರಯಲ್ ಬ್ಯಾಲೆನ್ಸ್ ಪಕ್ಕದಲ್ಲಿಟ್ಟು ನೋಡಿ. ಲೆಡ್ಜರ್‌ವಾರು ಓಪನಿಂಗ್ ಬ್ಯಾಲೆನ್ಸ್‌ಗೆ ನಿಮ್ಮ ಸಾಲುಗಳನ್ನು ಕೂಡಿದರೆ ಟ್ಯಾಲಿಯ ಕ್ಲೋಸಿಂಗ್ ಬರಬೇಕು, ಪೈಸೆಗೆ ಪೈಸೆ. ಕ್ಲೋಸಿಂಗ್ ಸ್ಟಾಕ್‌ನ ಬೆಲೆ ಮಾತ್ರ ಈ ನಿಯಮಕ್ಕೆ ಹೊರಗು. ಸ್ಟಾಕ್ ಇರುವ ಕಂಪನಿಯಲ್ಲಿ ಆ ಬೆಲೆಯನ್ನು ಟ್ಯಾಲಿ ತಾನೇ ಲೆಕ್ಕ ಹಾಕುತ್ತದೆ, ಅದಕ್ಕೆ ವೋಚರ್ ಇರುವುದಿಲ್ಲ.

ಕೊನೆಗೆ ನಿಮ್ಮ ಭಯದ ಪ್ರಶ್ನೆ. ಓಡಿಬಿಸಿಯಿಂದ ಓದುವುದರಿಂದ ಡೇಟಾ ಕೆಡುವುದಿಲ್ಲ, ಆ ದಾರಿ ಇರುವುದೇ ಓದುವುದಕ್ಕೆ. ಆದರೆ ಎಕ್ಸ್‌ಎಂಎಲ್ ದಾರಿಯಲ್ಲಿ ಬರೆಯಲೂ ಬರುತ್ತದೆ, ಹೊಸ ವೋಚರ್ ಹಾಕಬಹುದು, ಇರುವುದನ್ನು ಬದಲಿಸಬಹುದು. ಆ ಪೋರ್ಟ್‌ಗೆ ತನ್ನದೇ ಆದ ಪಾಸ್‌ವರ್ಡ್ ಇಲ್ಲ. ಕಂಪನಿ ತೆರೆದಿದ್ದರೆ ನೆಟ್‌ವರ್ಕ್‌ನಲ್ಲಿ ಆ ಪೋರ್ಟ್ ತಲುಪಬಲ್ಲ ಯಾರು ಬೇಕಾದರೂ ಕೇಳಬಹುದು. ಅಂಗಡಿಗೆ ಬರುವವರಿಗೆಲ್ಲ ವೈಫೈ ಕೊಟ್ಟಿದ್ದರೆ ಅದು ಬೇರೆ ನೆಟ್‌ವರ್ಕ್ ಆಗಿರಲಿ. ವಿಂಡೋಸ್ ಫೈರ್‌ವಾಲ್‌ನಲ್ಲಿ 9000 ಪೋರ್ಟ್ ಅನ್ನು ಬೇಕಾದ ಒಂದು ಕಂಪ್ಯೂಟರ್‌ಗೆ ಮಾತ್ರ ಬಿಡಿ. ಮನೆಯಿಂದ ನೋಡಬೇಕೆಂಬ ಆಸೆಗೆ ರೂಟರ್‌ನಲ್ಲಿ ಆ ಪೋರ್ಟ್ ಅನ್ನು ಇಂಟರ್ನೆಟ್‌ಗೆ ತೆರೆಯುವುದಂತೂ ಬೇಡವೇ ಬೇಡ. ಬದಲಿಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಆಗುವ ಖಾಸಗಿ ಸಂಪರ್ಕ) ಹಾಕಿಸಿಕೊಳ್ಳಿ.

ನಿಮ್ಮದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಯಾಗಿದ್ದರೆ ಇನ್ನೊಂದು ಮಾತಿದೆ. 2023ರ ಏಪ್ರಿಲ್ 1ರಿಂದ ಶುರುವಾಗುವ ಹಣಕಾಸು ವರ್ಷಗಳಿಗೆ, ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ವ್ಯವಹಾರದ ಬದಲಾವಣೆಯೂ ತಾರೀಖಿನ ಸಮೇತ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಟ್ಯಾಲಿಪ್ರೈಮ್ ಎಡಿಟ್ ಲಾಗ್ ಎಂಬ ಬೇರೆಯೇ ಆವೃತ್ತಿ ಇದಕ್ಕಾಗಿ ಬಂತು. ಪಾಲುದಾರಿಕೆ ಅಥವಾ ಸ್ವಂತ ಮಾಲೀಕತ್ವದ ಅಂಗಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಹೊರಗಿನ ಡೇಟಾಬೇಸ್ ಓದುವುದಕ್ಕೆ ಮಾತ್ರ. ಅಲ್ಲಿ ಒಂದು ಮೊತ್ತ ತಪ್ಪಿದೆ ಎಂದು ಕಂಡರೆ ಟ್ಯಾಲಿಯಲ್ಲೇ ಆ ವೋಚರ್ ತೆರೆದು ಸರಿಪಡಿಸಿ, ಆಮೇಲೆ ಮತ್ತೆ ಎಳೆದುಕೊಳ್ಳಿ. ಡೇಟಾಬೇಸ್‌ನಲ್ಲಿ ತಿದ್ದಿದರೆ ಮುಂದಿನ ಸಲ ತುಂಬಿದಾಗ ಅದು ಅಳಿಸಿಹೋಗುತ್ತದೆ, ಟ್ಯಾಲಿಯಲ್ಲಿ ತಪ್ಪು ಹಾಗೇ ಉಳಿಯುತ್ತದೆ.

ಈ ವಾರ ಬಿಲ್ಸ್ ಕಲೆಕ್ಷನ್‌ನ ಸಣ್ಣ ಟಿಡಿಎಲ್ ಮಾತ್ರ ಮಾಡಿಸಿ. ವೋಚರ್‌ಗಳ ಕೆಲಸ ಆಮೇಲೆ ನೋಡೋಣ. ಮೊದಲ ಎರಡು ಮೂರು ಸೋಮವಾರ ಹಳೆಯ ರೀತಿಯ ಪಟ್ಟಿಯನ್ನೂ ಜೊತೆಗೆ ಮಾಡಿ, ಅಂಗಡಿವಾರು ಹೋಲಿಸಿ. ವ್ಯತ್ಯಾಸ ಬಂದ ಲೆಡ್ಜರ್‌ಗಳಲ್ಲಿ ಆನ್ ಅಕೌಂಟ್ ಕಾಲಮ್ ಮತ್ತು ಟ್ಯಾಲಿಯ ಪೀರಿಯಡ್, ಈ ಎರಡನ್ನೇ ಮೊದಲು ನೋಡಿ.